ತೆಂಗಿನ ನೆರಳಿನಲ್ಲಿ ರಜೆ



ರಜೆಯ ಮಾತು ಬಂತೆಂದರೆ ಈಚೆಗೆ ನಮ್ಮ ಮನೆಗಳಲ್ಲಿ ದೂರದ ಹೆಸರುಗಳು ಕೇಳಿಬರುತ್ತವೆ. ಹೊರದೇಶದಲ್ಲಿ ನೆಲೆಸಿರುವ ನಮ್ಮ ಮಕ್ಕಳು ಕ್ರೀಟ್, ಸಿಸಿಲಿ, ಮಾಲ್ಟಾ, ಸೈಪ್ರಸ್ ಎನ್ನುತ್ತಾರೆ. ಇವೆಲ್ಲ ಮೆಡಿಟರೇನಿಯನ್ ಸಮುದ್ರದ ದ್ವೀಪಗಳು. ಬೇಸಿಗೆ ಬಂತೆಂದರೆ ಯುರೋಪಿನ ಜನ ಅತ್ತ ಹೊರಡುತ್ತಾರೆ. ಅಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರೆ ಅವರು ಹೇಳುವುದು ದೊಡ್ಡ ಸಂಗತಿಗಳನ್ನೇನೂ ಅಲ್ಲ. ಬೆಳಿಗ್ಗೆ ನೀರಿಗೆ ಇಳಿಯುತ್ತೇವೆ, ಸಂತೆಯಲ್ಲಿ ಅಡ್ಡಾಡುತ್ತೇವೆ, ಮಧ್ಯಾಹ್ನ ಮರದ ನೆರಳಿನಲ್ಲಿ ಉಂಡು ಮಲಗುತ್ತೇವೆ, ಬಿಸಿಲು ಇಳಿದ ಮೇಲೆ ಹಳೆಯ ಗುಡಿ, ಕೋಟೆ ನೋಡುತ್ತೇವೆ, ಸಂಜೆ ಊರವರ ಜೊತೆ ಬೀದಿಯಲ್ಲಿ ಓಡಾಡುತ್ತೇವೆ ಎನ್ನುತ್ತಾರೆ. ಆ ದ್ವೀಪಗಳ ಸೊಗಸೆಲ್ಲ ಸಮುದ್ರದಿಂದಲೇ ಬಂದದ್ದು ಎಂದು ನನಗೆ ಅನ್ನಿಸುವುದಿಲ್ಲ. ಅಲ್ಲಿನವರು ಒಂದು ಮರವನ್ನು ನಂಬಿ ಬದುಕಿದವರು. ಕ್ರೀಟಿನ ವೂವೆಸ್ ಎಂಬ ಹಳ್ಳಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು ಎಂದು ಹೇಳುವ ಆಲಿವ್ ಮರವೊಂದಿದೆ. ಇವತ್ತಿಗೂ ಕಾಯಿ ಬಿಡುತ್ತದೆ. ಆ ಮರದ ಎಣ್ಣೆಯೇ ಅಡಿಗೆಗೆ, ಅದೇ ದೀಪಕ್ಕೆ, ಅದೇ ವ್ಯಾಪಾರಕ್ಕೆ. ಹೋದ ಅತಿಥಿಯೂ ಆ ಮರದ ಲಯಕ್ಕೆ ಹೊಂದಿಕೊಳ್ಳುತ್ತಾನೆ. ಅವನ ಆಯಾಸ ಕಳೆಯುವುದು ಅದರಿಂದ.

ಒಂದೇ ಮರವನ್ನು ನಂಬಿದ ಸೀಮೆ ನಮ್ಮಲ್ಲೂ ಇದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನು ಕಲ್ಪತರು ನಾಡು ಎಂದೇ ಕರೆಯುತ್ತಾರೆ. ಆದರೆ ಇಲ್ಲಿಗೆ ರಜೆಗೆಂದು ಬರುವವರು ಬಹಳ ಕಡಿಮೆ. ಮದುವೆಗೆ ಬರುತ್ತಾರೆ, ತಿಥಿಗೆ ಬರುತ್ತಾರೆ, ಜಮೀನಿನ ಪತ್ರಕ್ಕೆ ಬರುತ್ತಾರೆ. ಕೆಲಸ ಮುಗಿದ ಕೂಡಲೇ ಬೆಂಗಳೂರಿನ ಬಸ್ಸು ಹಿಡಿಯುತ್ತಾರೆ. ಹಾಗೆ ಮಾಡಬೇಡಿ, ಒಂದು ವಾರ ಉಳಿಯಿರಿ ಎಂದು ಕೇಳಿಕೊಳ್ಳುವುದಕ್ಕೆ ಈ ಮಾತು.

ಬರುವುದಾದರೆ ರೈಲಿನಲ್ಲಿ ಬನ್ನಿ. ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೋಗುವ ದಾರಿಯಲ್ಲಿ, ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಪ್ಯಾಸೆಂಜರ್ ಗಾಡಿಯಾದರೆ ಇನ್ನೂ ಒಳ್ಳೆಯದು. ಗುಬ್ಬಿ ದಾಟಿ, ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ, ಕರಡಿ ಎಂದು ಊರುಗಳು ಬರುತ್ತಾ ಹೋದ ಹಾಗೆ ಕಿಟಕಿಯಾಚೆ ಕೆಂಪು ಬೆದ್ದಲು ಹೊಲಗಳ ನಡುವೆ ತೋಟಗಳು ದ್ವೀಪಗಳ ಹಾಗೆ ತೇಲಿ ಬರುತ್ತವೆ. ಮೊದಲು ಅಲ್ಲೊಂದು ಇಲ್ಲೊಂದು. ಆಮೇಲೆ ಒಂದಕ್ಕೊಂದು ಕೂಡಿಕೊಂಡು, ತಿಪಟೂರು ಹತ್ತಿರವಾಗುವಾಗ ಹೊಲಗಳೇ ನಡುವೆ ಸಿಕ್ಕಿಕೊಂಡಿರುತ್ತವೆ. ತೆಂಗು ಕಡಲ ತಡಿಯ ಮರ. ಇಲ್ಲಿ ಮಾತ್ರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ, ಮಳೆಯೂ ಅಷ್ಟಕ್ಕಷ್ಟೇ ಆದ ಬಯಲಿನಲ್ಲಿ ಅದು ಬೇರುಬಿಟ್ಟು ನಿಂತಿದೆ. ಕೆರೆಯ ತೇವ, ಕೊಟ್ಟಿಗೆಯ ಗೊಬ್ಬರ, ಕೆರೆಯಿಂದ ಗಾಡಿಯಲ್ಲಿ ಹೊತ್ತು ತಂದು ಹಾಕಿದ ಗೋಡು, ತಲೆಮಾರುಗಳ ದುಡಿಮೆ, ಇಷ್ಟರ ಮೇಲೆ ನಿಂತ ತೋಟಗಳಿವು. ‘ತಿಪಟೂರು ಟಾಲ್’ ಎಂಬ ಎತ್ತರದ ತಳಿಗೆ ಊರಿನ ಹೆಸರೇ ಅಂಟಿಕೊಂಡಿದೆ. ಸಸಿ ನೆಟ್ಟು ಫಲ ಕಾಣುವುದಕ್ಕೆ ಆರೇಳು ವರ್ಷ ಬೇಕು. ನೆಟ್ಟವರ ಮೊಮ್ಮಕ್ಕಳ ಕಾಲದವರೆಗೂ ಅದು ಕಾಯಿ ಕೊಡುತ್ತದೆ.

ಬಂದವರು ಮೊದಲು ಮಾಡಬೇಕಾದ ಕೆಲಸ ಕೊಬ್ಬರಿಯ ಅಟ್ಟ ಹತ್ತುವುದು. ಕೇರಳದಲ್ಲಿ ಕಾಯಿ ಒಡೆದು ಬಿಸಿಲಿಗೆ ಹರವಿ ಕೆಲವು ದಿನಗಳಲ್ಲಿ ಕೊಬ್ಬರಿ ಮಾಡುತ್ತಾರೆ, ಅದು ಎಣ್ಣೆಯ ಗಾಣಕ್ಕೆ ಹೋಗುತ್ತದೆ. ನಮ್ಮದು ಉಂಡೆ ಕೊಬ್ಬರಿ. ಹೊಂಬಾಳೆ ಒಡೆದು ಹರಳಾದದ್ದು ಬಲಿತ ಕಾಯಾಗುವುದಕ್ಕೆ ಮರದ ಮೇಲೆ ಒಂದು ವರ್ಷ. ಕಿತ್ತ ಮೇಲೆ ಸಿಪ್ಪೆ ಸಹಿತ ಅಟ್ಟಕ್ಕೆ ಹಾಕಿ ಮತ್ತೆ ಹತ್ತು ಹನ್ನೆರಡು ತಿಂಗಳು. ಬೆಂಕಿ ಇಲ್ಲ, ಬಿಸಿಲಿಲ್ಲ. ಸಂದು ಬಿಟ್ಟು ಜೋಡಿಸಿದ ದಬ್ಬೆಗಳ ಮೇಲೆ ಕಾಯಿ ರಾಶಿ ಬಿದ್ದಿರುತ್ತದೆ, ಕೆಳಗಿನಿಂದ ಗಾಳಿ ಆಡುತ್ತಿರುತ್ತದೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗಿ ಚಿಪ್ಪನ್ನು ಬಿಡುತ್ತದೆ.

ಇದನ್ನು ಮಕ್ಕಳಿಗೆ ತೋರಿಸುವ ದಾರಿ ಬಹಳ ಸುಲಭ. ಹೋದ ತಿಂಗಳು ಅಟ್ಟಕ್ಕೆ ಹಾಕಿದ ಒಂದು ಕಾಯನ್ನು ಮಗುವಿನ ಕೈಗೆ ಕೊಟ್ಟು ಕಿವಿಯ ಹತ್ತಿರ ಅಲ್ಲಾಡಿಸಲು ಹೇಳಿ. ನೀರು ಲೊಳಲೊಳ ಎನ್ನುತ್ತದೆ. ಹೋದ ವರ್ಷದ್ದನ್ನು ಕೊಡಿ; ಒಳಗೆ ಉಂಡೆ ಗಡಗಡ ಹೊರಳುತ್ತದೆ. ನಡುವಿನ ತಿಂಗಳುಗಳ ಕಾಯಿಗಳನ್ನೂ ಒಂದೊಂದಾಗಿ ಕೇಳಿಸಿ. ನೀರಿನ ಸದ್ದು ಸಣ್ಣದಾಗುತ್ತಾ ಬಂದು, ಒಂದು ಹಂತದಲ್ಲಿ ಯಾವ ಸದ್ದೂ ಇಲ್ಲದೆ, ಆಮೇಲೆ ಉಂಡೆಯ ಸದ್ದು ಹುಟ್ಟುತ್ತದೆ. ಹಳಬರು ರಾಶಿಯಿಂದ ಒಂದು ಕಾಯಿ ತೆಗೆದು ಅಲ್ಲಾಡಿಸಿ, “ಇದಕ್ಕಿನ್ನೂ ಎರಡು ತಿಂಗಳು ಬೇಕು ಕಣಪ್ಪ” ಎಂದು ಹೇಳಿ ವಾಪಸ್ಸು ಎಸೆಯುತ್ತಾರೆ. ಆ ಕಿವಿ ಬರುವುದಕ್ಕೆ ಅರ್ಧ ಆಯುಷ್ಯ ಬೇಕು.

ಕೊಬ್ಬರಿ ಬಿಡಿಸುವ ದಿನ ನೀವು ಅಲ್ಲಿದ್ದರೆ ನಿಮ್ಮ ಅದೃಷ್ಟ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯನ್ನು ಕುಕ್ಕಿ, ಎರಡು ತಿರುವಿನಲ್ಲಿ ಸಿಪ್ಪೆ ಕಳಚುವ ಗಂಡಾಳು ಒಂದು ಕಡೆ. ಮಚ್ಚಿನ ಹಿಂಬದಿಯಿಂದ ಚಿಪ್ಪನ್ನು ಸುತ್ತಲೂ ತಟ್ಟಿ, ಒಳಗಿನ ಉಂಡೆಗೆ ಒಂದು ಗೀರೂ ಬೀಳದ ಹಾಗೆ ಹೊರತೆಗೆಯುವ ಹೆಂಗಸರು ಇನ್ನೊಂದು ಕಡೆ. ಪೆಟ್ಟು ಸ್ವಲ್ಪ ಜೋರಾದರೆ ಉಂಡೆ ಚೂರಾಗುತ್ತದೆ, ಚೂರಿಗೆ ಬೆಲೆ ಇಲ್ಲ. ಮೆತ್ತಗಾದರೆ ಚಿಪ್ಪು ಬಿಡುವುದಿಲ್ಲ. ಮಾತಾಡುತ್ತಾ, ಎಲೆಯಡಿಕೆ ಹಾಕಿಕೊಳ್ಳುತ್ತಾ, ಕಣ್ಣು ಬೇರೆಲ್ಲೋ ಇಟ್ಟುಕೊಂಡೇ ಅವರು ತಟ್ಟುವ ಆ ಅಳತೆಯ ಪೆಟ್ಟನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೌಟು ಹಿಡಿದದ್ದನ್ನು ಮೂಗಿನಲ್ಲೇ ಗುರುತಿಸಿ ಪಕ್ಕಕ್ಕೆ ಸರಿಸುತ್ತಾರೆ. ಒಳ್ಳೆಯ ಉಂಡೆಯೊಂದನ್ನು ಒಡೆದು ಬೆಲ್ಲದ ಜೊತೆ ನಿಮ್ಮ ಕೈಗಿಡುತ್ತಾರೆ. ಎರಡು ವರ್ಷ ಕಾದು ಬಂದ ಸಿಹಿ ಅದು. ನಿಧಾನವಾಗಿ ಅಗಿಯಿರಿ.

ಇಲ್ಲಿಂದ ಮಂಡಿಗೆ ಹೋಗಬೇಕು. ತಿಪಟೂರಿನ ಕೃಷಿ ಮಾರುಕಟ್ಟೆ ಉಂಡೆ ಕೊಬ್ಬರಿಗೆ ಇಡೀ ದೇಶದಲ್ಲಿ ಹೆಸರಾದದ್ದು. ಇಲ್ಲಿ ಟೆಂಡರಿನಲ್ಲಿ ನಿಗದಿಯಾದ ಬೆಲೆಯನ್ನು ಅರಸೀಕೆರೆಯವರೂ ಚನ್ನರಾಯಪಟ್ಟಣದವರೂ ಕಾಯುತ್ತಾರೆ. ಟೆಂಡರಿನ ದಿನ ಬೆಳಿಗ್ಗೆ ಚೀಲಗಳ ಸಾಲಿನ ನಡುವೆ ನಡೆದರೆ ಗಾಳಿಯೇ ಎಣ್ಣೆಯ ಕಂಪು. ಈ ಕೊಬ್ಬರಿ ನಮ್ಮ ಅಡಿಗೆಮನೆಗಿಂತ ಹೆಚ್ಚಾಗಿ ಉತ್ತರ ಭಾರತಕ್ಕೆ ಹೋಗುತ್ತದೆ. ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶದ ಹಬ್ಬಗಳಿಗೆ, ಮದುವೆಗಳಿಗೆ, ಒಣಹಣ್ಣಿನ ತಟ್ಟೆಗೆ. ಅಲ್ಲಿ ಹಬ್ಬ ಹತ್ತಿರವಾದರೆ ಇಲ್ಲಿ ಬೆಲೆ ಏರುತ್ತದೆ. ಬೆಲೆ ಬಿದ್ದ ವರ್ಷಗಳಲ್ಲಿ ಇದೇ ಆವರಣದಲ್ಲಿ ರೈತರು ಧರಣಿ ಕೂತಿದ್ದಾರೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ರಜೆಗೆ ಬಂದವರಿಗೆ ಈ ಲೆಕ್ಕ ಯಾಕೆ ಎನ್ನಬೇಡಿ. ನೀವು ಮಲಗುವ ನೆರಳು ಯಾವ ಬೆಲೆಗೆ ನಿಂತಿದೆ ಎನ್ನುವುದು ತಿಳಿದಿದ್ದರೆ ನೆರಳಿಗೂ ಒಂದು ತೂಕ ಬರುತ್ತದೆ. ಮಂಡಿಯಲ್ಲಿ ಯಾರನ್ನಾದರೂ “ಈ ಸಲ ಹೇಗಣ್ಣ?” ಎಂದು ಕೇಳಿ ನೋಡಿ, ಒಂದು ವರ್ಷದ ಕಥೆ ಕೇಳಬಹುದು.

ಇನ್ನು ನೀರು. ಸಮುದ್ರವಿಲ್ಲ ಎಂಬ ಕೊರತೆಯನ್ನು ಕೆರೆಗಳು ತುಂಬುತ್ತವೆ. ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ, ಹಂದನಕೆರೆ ಎಂದು ಊರುಗಳು ಕೆರೆಯ ಹೆಸರಿನಲ್ಲೇ ಗುರುತಾದ ನಾಡು ಇದು. ತುರುವೇಕೆರೆ ಹತ್ತಿರದ ಮಲ್ಲಾಘಟ್ಟದ ಕೆರೆ ಕೋಡಿ ಬಿದ್ದ ವರ್ಷ ಸುತ್ತಲ ಹಳ್ಳಿಯವರೆಲ್ಲ ನೋಡಲು ಹೋಗುತ್ತಾರೆ, ನೀವೂ ಹೋಗಿ. ಗೊರೂರಿನ ಹೇಮಾವತಿ ನೀರು ನಾಲೆಯಲ್ಲಿ ಬರತೊಡಗಿದ ಮೇಲೆ ಎಷ್ಟೋ ಕೆರೆಗಳಿಗೆ ಮರುಜೀವ ಬಂದಿದೆ. ಬೆಳಗಿನ ಜಾವ ಏರಿಯ ಮೇಲೆ ನಡೆದರೆ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಏರಿಯ ಕೆಳಗಿನ ತೋಟದಲ್ಲಿ ಗರಿಯ ತುದಿಗೆ ಗೀಜಗನ ಗೂಡುಗಳು ಜೋತಾಡುತ್ತಿರುತ್ತವೆ.

ಈಜು ಕಲಿಯುವವರಿಗೆ ಇಲ್ಲಿ ತೆಂಗೇ ಗುರು. ಎರಡು ಒಣಕಾಯಿಗಳ ಸಿಪ್ಪೆಯನ್ನು ಸ್ವಲ್ಪ ಸೀಳಿ ಒಂದಕ್ಕೊಂದು ಗಂಟು ಹಾಕಿ, ಹುಡುಗರ ಬೆನ್ನಿಗೆ ಕಟ್ಟಿ ತೋಟದ ಬಾವಿಗೆ ಇಳಿಸುತ್ತಿದ್ದರು. ಈ ಸೀಮೆಯ ಹಿರಿಯರಲ್ಲಿ ಬಹಳ ಮಂದಿ ಹಾಗೆ ಈಜು ಕಲಿತವರೇ. ಈಗ ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಬಂದಿವೆ. ನೀರಿರುವ ಬಾವಿ ಸಿಕ್ಕರೆ, ಈಜು ಬಲ್ಲ ದೊಡ್ಡವರು ಜೊತೆಗಿದ್ದರೆ, ಆ ಕಾಯಿಜೋಡಿಯನ್ನು ಕಟ್ಟಿಸಿಕೊಂಡು ಇಳಿಯಿರಿ. ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ: ಹೇಮಾವತಿ ನಾಲೆಗೆ ಇಳಿಯಬೇಡಿ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಹತ್ತಿರ ಮಕ್ಕಳನ್ನು ಬಿಡಬೇಡಿ. ನಾಲೆಯ ಸೆಳೆತ ಮೇಲಿನಿಂದ ಕಾಣುವುದಿಲ್ಲ, ಹೊಂಡದ ಅಂಚು ಜಾರಿದರೆ ಹಿಡಿದು ಹತ್ತುವುದಕ್ಕೆ ಏನೂ ಸಿಗುವುದಿಲ್ಲ. ರಜೆಗೆ ಬಂದ ಮಕ್ಕಳನ್ನು ಕಳೆದುಕೊಂಡ ಮನೆಗಳು ನಮ್ಮ ಕಡೆ ಇವೆ.

ಮಧ್ಯಾಹ್ನದ ಊಟಕ್ಕೆ ಒತ್ತು ಶಾವಿಗೆ ಕೇಳಿ. ಹಿಂದಿನ ರಾತ್ರಿಯೇ ಅಕ್ಕಿ ನೆನೆಸಿ, ರುಬ್ಬಿ, ಗಟ್ಟಿ ಮಾಡಿದ ಹಿಟ್ಟಿನ ಉಂಡೆಗಳನ್ನು ಬೇಯಿಸಿ, ಬಿಸಿ ಆರುವ ಮೊದಲೇ ಮರದ ಒರಳಿಗೆ ಹಾಕಿ ಒತ್ತಬೇಕು. ಒತ್ತುವ ಕೆಲಸ ಮನೆಯ ಗಂಡಸರದು, ಅದಕ್ಕೆ ಅತಿಥಿಗಳನ್ನೂ ಎಳೆಯುತ್ತಾರೆ. ಕಾಯಿ ತುರಿದು, ರುಬ್ಬಿ, ಹಿಂಡಿದ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ, ಹುರಿದ ಗಸಗಸೆ. ಅದನ್ನು ಶಾವಿಗೆಯ ಮೇಲೆ ಸುರಿದುಕೊಂಡು ಉಂಡ ಮೇಲೆ ನಿದ್ದೆ ಕರೆಯದೆ ಬರುತ್ತದೆ. ತೋಟದಲ್ಲಿ ಹಗ್ಗದ ಮಂಚ ಹಾಕಿಸಿಕೊಳ್ಳಿ. ಆದರೆ ಮೊದಲು ತಲೆಯೆತ್ತಿ ಮೇಲೆ ನೋಡಿ, ಗೊನೆ ಇಲ್ಲದ ಕಡೆ ಹಾಕಿಸಿ. ಎಚ್ಚರವಾದಾಗ ಕೆತ್ತಿದ ಎಳನೀರು ಕಾದಿರುತ್ತದೆ. ಅದನ್ನು ಕುಡಿದು ಬುರುಡೆ ಎಸೆಯಬೇಡಿ, ಸೀಳಿಸಿ, ಅದರ ಸಿಪ್ಪೆಯನ್ನೇ ಚಮಚ ಮಾಡಿಸಿಕೊಂಡು ಗಂಜಿ ತಿನ್ನಿ. ಯಾವುದಾದರೂ ಹಳೆಯ ಮರ ಗಾಳಿಗೆ ಬಿದ್ದಿದ್ದರೆ ಅದರ ತಲೆಯ ಸುಳಿಯನ್ನು ಬಿಡಿಸಿ ಕೊಡುತ್ತಾರೆ. ಬೆಳ್ಳಗೆ, ಗರಿಗರಿಯಾಗಿ, ಸಣ್ಣ ಸಿಹಿ ಇರುವ ಆ ತಿನಿಸು ಅಂಗಡಿಯಲ್ಲಿ ಸಿಗುವುದಿಲ್ಲ, ಅದಕ್ಕಾಗಿ ಯಾರೂ ಮರ ಕಡಿಯುವುದೂ ಇಲ್ಲ.

ಮಕ್ಕಳನ್ನು ಆ ಹೊತ್ತಿನಲ್ಲಿ ಊರ ಮಕ್ಕಳ ಜೊತೆ ಬಿಟ್ಟುಬಿಡಿ. ಗರಿಯ ಪೀಪಿ, ಗಿರಗಿಟ್ಟಲೆ, ಕೈಗಡಿಯಾರ, ಮಟ್ಟೆಯ ಬ್ಯಾಟು, ಎಲ್ಲವೂ ಒಂದು ಗಂಟೆಯೊಳಗೆ ತಯಾರಾಗುತ್ತವೆ.

ಬಿಸಿಲು ಇಳಿದ ಮೇಲೆ ಗುಡಿಗಳನ್ನು ನೋಡುವ ಹೊತ್ತು. ಬೇಲೂರು, ಹಳೇಬೀಡಿಗೆ ಹೋಗುವ ಜನ ಈ ಸೀಮೆಯನ್ನು ಹಾಗೇ ದಾಟಿಕೊಂಡು ಹೋಗುತ್ತಾರೆ ಎನ್ನುವುದು ನನಗೆ ಬೇಸರದ ಸಂಗತಿ. ನೀವು ಒಂದನ್ನೇ ನೋಡಲು ಸಾಧ್ಯ ಎಂದರೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ. ಅಲ್ಲಿ ಹೊಯ್ಸಳರಿಗಿಂತಲೂ ಹಿಂದಿನ, ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯ ಇದೆ. ಹೊರಗಿನಿಂದ ನೋಡಿದರೆ ಸಾದಾ ಗುಡಿ. ಒಳಗೆ ಹೋಗಿ ಕಣ್ಣು ಕತ್ತಲೆಗೆ ಒಗ್ಗುವವರೆಗೆ ನಿಂತು, ಛಾವಣಿ ನೋಡಿ. ನಡುವೆ ಶಿವ ಕುಣಿಯುತ್ತಿದ್ದಾನೆ. ಅವನ ಆಸುಪಾಸಿನಲ್ಲಿ ವಾದ್ಯ ನುಡಿಸುವವರು. ಸುತ್ತಲೂ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು, ತಮ್ಮ ತಮ್ಮ ವಾಹನಗಳ ಮೇಲೆ, ಪರಿವಾರದೊಂದಿಗೆ. ತಲೆಯ ಮೇಲಿನ ಕಲ್ಲಿನಲ್ಲಿ ಇಷ್ಟು ಚಲನೆಯನ್ನು ಕೊರೆದವನು ಯಾವ ಭಂಗಿಯಲ್ಲಿ ಮಲಗಿ ಉಳಿ ಹಿಡಿದಿದ್ದನೋ, ಅಥವಾ ನೆಲದಲ್ಲೇ ಕೊರೆದು ಮೇಲೆತ್ತಿದರೋ ಎಂದು ಯೋಚಿಸುತ್ತಾ ನಿಂತರೆ ಕತ್ತು ನೋಯುತ್ತದೆ. ಅರ್ಚಕರನ್ನು ಕೇಳಿಕೊಂಡು ನೆಲದ ಮೇಲೆ ಅಂಗಾತ ಮಲಗಿ ನೋಡಿ. ಶಿವನ ಕಾಲಿನ ಬಾಗು, ತಿರುಗಿದ ಸೊಂಟ, ಮದ್ದಳೆಗಾರನ ಬೆರಳು, ಒಂದೊಂದನ್ನೂ ಬೇರೆಬೇರೆಯಾಗಿ ನೋಡುವುದಕ್ಕೆ ಅರ್ಧ ಗಂಟೆಯಾದರೂ ಬೇಕು. ಅದೇ ಊರಿನಲ್ಲಿ ಹದಿಮೂರನೆಯ ಶತಮಾನದ ಚನ್ನಕೇಶವ ದೇವಾಲಯವೂ ಇದೆ. ನಕ್ಷತ್ರಾಕಾರದ ತಳ, ಬಳಪದ ಕಲ್ಲು. ಗೋಡೆಯ ವಿಗ್ರಹಗಳ ಕೆಳಗೆ ಹೊನೋಜ ಎಂಬ ಶಿಲ್ಪಿಯ ಹೆಸರಿದೆ. ಒಂದೇ ಹಳ್ಳಿಯಲ್ಲಿ ಎರಡು ಕಾಲದ ಎರಡು ಮನಸ್ಸುಗಳನ್ನು ಹೀಗೆ ಪಕ್ಕಪಕ್ಕದಲ್ಲಿ ನೋಡುವ ಅವಕಾಶ ನಮ್ಮ ರಾಜ್ಯದಲ್ಲಿ ಬಹಳ ಕಡೆ ಇಲ್ಲ.

ತುರುವೇಕೆರೆ ಪೇಟೆಯಲ್ಲೇ ಹೊಯ್ಸಳರ ದಂಡನಾಯಕ ಸೋಮಣ್ಣನ ಕಾಲದ ಚನ್ನಕೇಶವ, ಮೂಲೆ ಶಂಕರೇಶ್ವರ ಗುಡಿಗಳಿವೆ. ಗಂಗಾಧರೇಶ್ವರನ ಮುಂದಿನ ದೊಡ್ಡ ನಂದಿಯ ಮೈ ಇನ್ನೂ ನುಣುಪಾಗಿ ಹೊಳೆಯುತ್ತದೆ. ನಾಗಲಾಪುರದ ಜೋಡಿ ಗುಡಿಗಳು, 1286ರ ವಿಘ್ನಸಂತೆಯ ಲಕ್ಷ್ಮೀನರಸಿಂಹ, ಇವೆಲ್ಲ ತೋಟಗಳ ನಡುವೆ ಅಡಗಿಕೊಂಡಿವೆ. ಬಾಗಿಲು ಹಾಕಿದ್ದರೆ ಪಕ್ಕದ ಮನೆಯಲ್ಲಿ ಕೇಳಿ, ಬೀಗದ ಕೈ ಯಾರ ಹತ್ತಿರವಿದೆ ಎಂದು ಅವರಿಗೆ ಗೊತ್ತಿರುತ್ತದೆ.

ಚಿಕ್ಕನಾಯಕನಹಳ್ಳಿ ಕಡೆ ಹೋದರೆ ನೆಲ ಬದಲಾಗುತ್ತದೆ, ಬೆಟ್ಟಗಳು ಏಳುತ್ತವೆ. ಕಬ್ಬಿಣ, ಮ್ಯಾಂಗನೀಸ್ ಅದಿರಿಗೆ ಅಗೆದ ಗುಡ್ಡಗಳ ಕೆಂಪು ಗಾಯಗಳು ದೂರಕ್ಕೇ ಕಾಣುತ್ತವೆ. ಅವನ್ನೂ ನೋಡಬೇಕು, ನೋಡದೆ ಮುಖ ತಿರುಗಿಸಬಾರದು. ಹುಳಿಯಾರು ದಾರಿಯಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆ ಜಲಾಶಯ ಸಂಜೆಗೆ ಒಳ್ಳೆಯ ಜಾಗ. ಕಾಡುಪ್ರಾಣಿ ನೋಡುವ ಆಸೆ ಇರುವವರಿಗೆ ಪಕ್ಕದ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣವಿದೆ. ಚಿಂಕಾರಗಳಿಗಾಗಿ 2019ರಲ್ಲಿ ಅದನ್ನು ವನ್ಯಧಾಮ ಮಾಡಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದವರು ತೀ.ನಂ. ಶ್ರೀಕಂಠಯ್ಯನವರು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ಪಂಡಿತರು, ‘ನಂಟರು’ ಎಂಬ ಪ್ರಬಂಧ ಸಂಕಲನವನ್ನೂ ಕೊಟ್ಟರು. ಬರುವಾಗ ಆ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿ. ತೋಟದ ಮಂಚದ ಮೇಲೆ ಓದುವುದಕ್ಕೆ ಅದಕ್ಕಿಂತ ಒಪ್ಪುವ ಪುಸ್ತಕ ಇನ್ನೊಂದಿಲ್ಲ. ತಿಪಟೂರಿನವರಿಗೆ ಇನ್ನೊಂದು ಹೆಮ್ಮೆ: ಹಾಸ್ಯ ಚಕ್ರವರ್ತಿ ನರಸಿಂಹರಾಜು ಅವರು 1923ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಸಂಜೆಯ ಬೀದಿಯಲ್ಲಿ ಹಿರಿಯರೊಬ್ಬರನ್ನು ನಿಲ್ಲಿಸಿ ಆ ಹೆಸರು ಎತ್ತಿದರೆ ಸಾಕು, ಕಾಫಿಗೆ ಕರೆದುಕೊಂಡು ಹೋಗುತ್ತಾರೆ.

ತಿಪಟೂರಿಗೆ ಹತ್ತಿರದ ದಸರೀಘಟ್ಟದಲ್ಲಿ ಚೌಡೇಶ್ವರಿಯ ಸನ್ನಿಧಿ ಇದೆ. ದೇವಿ ಭಕ್ತರ ಪ್ರಶ್ನೆಗೆ ಬರೆದು ಉತ್ತರ ಕೊಡುತ್ತಾಳೆ ಎಂದು ದೂರದೂರದಿಂದ ಜನ ಬರುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅಲ್ಲಿ ಸಾಲಿನಲ್ಲಿ ಕಾದು ನಿಂತವರ ಮುಖಗಳಲ್ಲಿ ಒಂದು ನಾಡಿನ ಚಿಂತೆಗಳೆಲ್ಲ ಕಾಣುತ್ತವೆ. ಮಗಳ ಮದುವೆ, ಕೊರೆದ ಕೊಳವೆಬಾವಿಗೆ ಬಾರದ ನೀರು, ನುಸಿ ಹತ್ತಿದ ತೋಟ.

ಉಳಿಯುವುದು ಎಲ್ಲಿ ಎಂದು ಕೇಳುತ್ತೀರಿ. ಪೇಟೆಯಲ್ಲಿ ವಸತಿಗೃಹಗಳಿವೆ. ಆದರೆ ನಾನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿರುವುದು ಬೀಗ ಹಾಕಿರುವ ಮನೆಗಳನ್ನು. ಮಕ್ಕಳು ಬೆಂಗಳೂರಿಗೆ, ಅಮೆರಿಕಕ್ಕೆ ಹೋಗಿ, ಹಿರಿಯರೂ ತೀರಿಕೊಂಡ ಮೇಲೆ ತೊಟ್ಟಿಮನೆಗಳು ಮುಚ್ಚಿ ಕೂತಿವೆ. ಇನ್ನು ಕೆಲವು ಮನೆಗಳಲ್ಲಿ ಅಜ್ಜಿ ತಾತ ಇಬ್ಬರೇ, ನೂರು ಮರದ ತೋಟ ನೋಡಿಕೊಂಡು ಇದ್ದಾರೆ. ನಿಮ್ಮ ತಂದೆಯ ಮನೆ, ತಾಯಿಯ ತವರು, ಚಿಕ್ಕಪ್ಪನ ತೋಟ ಈ ಸೀಮೆಯಲ್ಲಿದ್ದರೆ ಈ ಬಾರಿಯ ರಜೆಗೆ ಅದರ ಬಾಗಿಲು ತೆಗೆಸಿ. ಅಟ್ಟದಲ್ಲಿ ಕಾಯಿ ಇಲ್ಲದಿದ್ದರೂ ಚಿಂತೆಯಿಲ್ಲ, ಪಕ್ಕದ ಮನೆಯ ಅಟ್ಟ ಹತ್ತಬಹುದು. ಹಂಡೆಯ ಒಲೆಗೆ ಚಿಪ್ಪು, ಮಟ್ಟೆ ಒಟ್ಟಿ ನೀರು ಕಾಯಿಸಿ, ಹರಳೆಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಳ್ಳಿ. ಒಂದು ವಾರದಲ್ಲಿ ಆ ಮನೆ ನಿಮ್ಮನ್ನು ಗುರುತು ಹಿಡಿಯುತ್ತದೆ.

ಯಾವ ಕಾಲಕ್ಕೆ ಬರಬೇಕು? ದಸರೆಯ ರಜೆಯಲ್ಲಿ ಬಂದರೆ ಕೆರೆ ತುಂಬಿರುತ್ತದೆ, ಗುಡ್ಡ ಹಸುರಾಗಿರುತ್ತದೆ. ಸಂಕ್ರಾಂತಿಯ ಮುಂಚೆ ಬಂದರೆ ಸೊಗಡಿನ ಅವರೆಕಾಯಿ, ರಾಗಿಯ ಕಣ, ಬೆಳಗಿನ ಚಳಿ. ಬೇಸಿಗೆಯಲ್ಲಿ ಬಂದರೆ ಜಾತ್ರೆ, ಹಲಸು, ಎಳನೀರು, ಮಧ್ಯಾಹ್ನದ ಉದ್ದನೆಯ ನಿದ್ದೆ. ಬರುವ ಮೊದಲು ತೋಟದವರಿಗೆ ಒಂದು ಫೋನ್ ಮಾಡಿ, ಮರ ಹತ್ತುವವರು ಈಗ ಬೇಕೆಂದಾಗ ಸಿಗುವುದಿಲ್ಲ, ಎಳನೀರು ಕೆಡವಿಸಿಡಲು ಅವರಿಗೆ ಎರಡು ದಿನದ ಸಮಯ ಬೇಕು. ಹಾಗೆಯೇ ಎರಡು ಗಟ್ಟಿಯಾದ ಖಾಲಿ ಚೀಲ ತನ್ನಿ. ಈ ಕಡೆಯವರು ಬಂದವರಿಗೆ ಕಾಯಿ, ಕೊಬ್ಬರಿ ಕೊಡದೆ ಕಳಿಸುವುದಿಲ್ಲ. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ತಿಪಟೂರು ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು, ಆ ಚೀಲಗಳನ್ನು ಹತ್ತಿಸುವುದಕ್ಕೆ ಇಬ್ಬರಾದರೂ ಬೇಕಾಗುತ್ತದೆ.